ತಾಯಿಹಾಲು ಚೆಲ್ಲಿದ ಕೈ

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕೈಯನ್ನು ನೋಡುವುದು ಆಕೆಯ ಸ್ವಭಾವ. ನವಜಾತ ಶಿಶುಗಳ ವಾರ್ಡಿನ ಆ ಹಿರಿಯ ನರ್ಸು, ಸವೆದ ನೀಲಿ ಸ್ವೆಟರಿನ ತೋಳುಗಳನ್ನು ಮೊಣಕೈಯವರೆಗೆ ಮಡಚಿ, ಎಡಗಾಲನ್ನು ಕೊಂಚ ಎಳೆದು ಹಾಕುತ್ತ ಬಂದರೆಂದರೆ, ದೊಡ್ಡ ವೈದ್ಯರೂ ಮರುಮಾತಿಲ್ಲದೆ ನಲ್ಲಿಯ ಕಡೆಗೆ ತಿರುಗುತ್ತಿದ್ದರು. “ಸೋಪು ಹಚ್ಚಿದ್ರಾ, ಸೋಪಿಗೆ ಕೈ ತೋರಿಸಿ ಬಂದ್ರಾ?” ಎಂಬುದೇ ಆಕೆಯ ನಮಸ್ಕಾರ. ಮೂವತ್ತು ವರ್ಷ ಎಣ್ಣೆ ವ್ಯಾಪಾರ ಮಾಡಿ ಎಂತೆಂಥ ಗಿರಾಕಿಗಳ ಬಾಯಿ ಮುಚ್ಚಿಸಿದ ನಾನೂ ಆಕೆಯ ಮುಂದೆ ಎರಡು ಸಲ ಕೈ ತೊಳೆದವನೇ.

ಏಳು ತಿಂಗಳಿಗೇ ಹುಟ್ಟಿದ ನನ್ನ ಮೊಮ್ಮಗಳು, ನನ್ನಂಗಡಿಯ ಲೀಟರ್ ಪೊಟ್ಟಣದಷ್ಟೇ ತೂಗುತ್ತ, ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮಗಳು ಮನೆಯಲ್ಲಿ ಮೂರು ಗಂಟೆಗೊಮ್ಮೆ ಪಂಪಿನಿಂದ ಹಾಲು ತೆಗೆದು, ಪುಟ್ಟ ಬಾಟಲಿಗಳಿಗೆ ತುಂಬಿ, ಒಂದೊಂದಕ್ಕೂ ದಿನ, ಗಂಟೆ ಬರೆದ ಚೀಟಿ ಅಂಟಿಸುವಳು. ಐಸ್ ಪೆಟ್ಟಿಗೆಯಲ್ಲಿಟ್ಟು ವಾರ್ಡಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಒಂದು ಬೆಳಗ್ಗೆ ನೋಡುತ್ತೇನೆ, ಆರು ಬಾಟಲಿಗಳಲ್ಲಿ ಒಂದೂ ತುಂಬಿಲ್ಲ. ಅರೆತುಂಬಿದ ಡಬ್ಬಿ ಕಂಡರೆ ವ್ಯಾಪಾರಿಯ ಕೈ ಸುಮ್ಮನಿರುತ್ತದೆಯೇ? ನಿನ್ನೆಯ ತಣ್ಣನೆಯದಕ್ಕೆ ಆಗತಾನೆ ತೆಗೆದ ಬೆಚ್ಚನೆಯದನ್ನು ಸುರಿದು, ಆರನ್ನು ಎರಡು ಮಾಡಿ, ಚೀಟಿಗಳನ್ನು ಕಿತ್ತೆಸೆದು, ನನ್ನ ಜಾಣತನಕ್ಕೆ ನಾನೇ ಬೀಗುತ್ತ ಹೋದೆ.

ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದರು.

“ಚೀಟಿ ಎಲ್ಲಿ, ಯಜಮಾನ್ರೇ?”

“ಎಲ್ಲಾ ಒಟ್ಟಿಗೆ ಹಾಕಿದೀನಿ, ಸಿಸ್ಟರ್. ಒಬ್ಬಳೇ ತಾಯಿ ಹಾಲಲ್ವಾ?”

“ತಾಯಿ ಒಬ್ಬಳೇ, ಹೊತ್ತು ಆರು. ತಣ್ಣಗಿರೋದಕ್ಕೆ ಬೆಚ್ಚಗಿರೋದನ್ನ ಸುರೀಬಾರ್ದು, ಕೆಡುತ್ತೆ ಅಂತ ಮೊದಲ ದಿನಾನೇ ಹೇಳಿದ್ದೆ. ಅಂಗಡೀಲೂ ಹಳೇ ಎಣ್ಣೆಗೆ ಹೊಸದು ಬೆರೆಸ್ತೀರಾ?”

ವ್ಯಾಪಾರದ ಗುಟ್ಟನ್ನು ಆಸ್ಪತ್ರೆಯಲ್ಲಿ ಬಿಚ್ಚುವವನಲ್ಲ ನಾನು. ಅಷ್ಟರಲ್ಲಿ ಆಕೆ ಎರಡೂ ಬಾಟಲಿಗಳನ್ನು ಸಿಂಕಿಗೆ ಬಗ್ಗಿಸಿಬಿಟ್ಟರು. ಹೆರಿಗೆಯ ಹೊಲಿಗೆಯ ನೋವಿನಲ್ಲಿ ಹಲ್ಲು ಕಚ್ಚಿ ಮಗಳು ಹನಿಹನಿಯಾಗಿ ಕೂಡಿಸಿದ್ದು ಬಿಳಿಯ ಗೆರೆಯಾಗಿ ಜಾರಿಹೋಗುತ್ತಿತ್ತು.

“ಮಗೂಗೆ ಹನ್ನೊಂದಕ್ಕೆ ಕೊಡ್ಬೇಕು. ಮಗಳನ್ನ ಕರ್ಕೊಂಡು ಬನ್ನಿ. ಬೈಯೋದಿದ್ರೆ ಆಮೇಲೆ ಬೈಯಿರಿ.”

ಮಗಳು ಬಂದಳು. ಸಂಗತಿ ಕೇಳಿ ಬಿಳಿಚಿಕೊಂಡಳು. “ಚೀಟೀನೂ ಕಿತ್ತಾಕಿದ್ಯಾ, ಅಪ್ಪಾ?” ಎಂದಷ್ಟೇ ಕೇಳಿದಳು. ದುಃಖಕ್ಕೆ ಹಾಲೇ ಇಳಿಯಲೊಲ್ಲದು. ಸಿಸ್ಟರ್ ಪಕ್ಕದಲ್ಲಿ ಕೂತು, ಬೆನ್ನು ನೀವುತ್ತ, “ನಿಮ್ಮಪ್ಪನ ಮುಖ ನೋಡ್ಬೇಡಮ್ಮ, ಇರೋ ಹಾಲೂ ಹಿಂದೆ ಹೋಗುತ್ತೆ. ಮಗೂನ ನೋಡು” ಎಂದರು. ಮಗಳು ಅಳುವಿನ ನಡುವೆಯೇ ನಕ್ಕುಬಿಟ್ಟಳು. ಹನ್ನೊಂದಕ್ಕೆ ಸರಿಯಾಗಿ ಎರಡು ಚಮಚದಷ್ಟು ಹಾಲು ಸಣ್ಣ ನಳಿಕೆಯಲ್ಲಿ ಕೂಸಿನ ಹೊಟ್ಟೆ ಸೇರಿತು.

ಹೊರಡುವಾಗ ತಡೆಯಲಾಗದೆ ಕೇಳಿದೆ: “ಅಷ್ಟು ಹಾಲು ಚೆಲ್ಲೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

“ಹೊಟ್ಟೆ ಉರಿಯುತ್ತೆ, ಯಜಮಾನ್ರೇ. ಅದಕ್ಕೇ ಬೇಗ ಚೆಲ್ತೀನಿ.”

ಆ ಮಾತಿನ ಬಿಸಿ ನನ್ನಲ್ಲಿ ಇನ್ನೂ ಆರಿಲ್ಲ. ಶಂಕೆ ಹುಟ್ಟಿದ ಕ್ಷಣವೇ ಅಮೂಲ್ಯವಾದುದನ್ನೂ ತೊರೆದು, ಪರರ ಶಾಪವನ್ನು ಮೌನವಾಗಿ ಹೊತ್ತುಕೊಳ್ಳುವವರು ಲೋಕದಲ್ಲಿ ವಿರಳ. ಇಂಥವರು ತಪ್ಪಿಸಿದ ಕೇಡು ನಡೆಯುವುದೇ ಇಲ್ಲವಾದ್ದರಿಂದ ಅವರ ಪರವಾಗಿ ಸಾಕ್ಷಿ ಹೇಳುವವರಿಲ್ಲ; ಅವರು ಚೆಲ್ಲಿದ್ದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.