ನಿಂತರೆ ಕುದಿಯುವ ಕಾರು

ಮೌನೇಶನಿಗೆ ಯಲ್ಲೇಶನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಬೇಕಾದ್ದೇನೂ ಇಲ್ಲ, ಹೊಸಪೇಟೆಯ ಗ್ಯಾರೇಜಿನವರಿಗೆಲ್ಲ ಗೊತ್ತಿದ್ದ ವಿಷಯ. ಇಬ್ಬರೂ ಸಂಡೂರಿನ ಗುಡ್ಡಪ್ಪ ಮೇಸ್ತ್ರಿಯ ಶಿಷ್ಯರು. ಒಂದೇ ಷೆಡ್ಡಿನಲ್ಲಿ ಗಣಿ ಲಾರಿಗಳ ಕೆಳಗೆ ಮಲಗಿ, ಒಂದೇ ಬುತ್ತಿ ಬಿಚ್ಚಿ ಉಂಡು ಕೆಲಸ ಕಲಿತವರು. ಆಮೇಲೆ ಹೊಸಪೇಟೆಗೆ ಬಂದು ಬೇರೆ ಬೇರೆ ಗ್ಯಾರೇಜು ಹಾಕಿಕೊಂಡರು. ಮೌನೇಶನ ಗ್ಯಾರೇಜೇ ದೊಡ್ಡದು, ಗಿರಾಕಿಗಳೂ ಅವನಿಗೇ ಹೆಚ್ಚು. ಇಷ್ಟಿದ್ದ ಮೇಲೆ ಮನುಷ್ಯ ಸುಮ್ಮನಿರಬೇಕಲ್ಲವೇ? ಇರಲಿಲ್ಲ.

ಯಾಕೆಂದರೆ ಕೆಲಸ ಬಿಟ್ಟು ಹೊಸಪೇಟೆಗೇ ಬಂದು ನೆಲೆಸಿದ್ದ ಮೇಸ್ತ್ರಿ ಸಂಜೆಯಾದರೆ ಹೋಗಿ ಕೂರುತ್ತಿದ್ದುದು ಯಲ್ಲೇಶನ ಗ್ಯಾರೇಜಿನಲ್ಲಿ. ಮೌನೇಶ ಅವರಿಗೆಂದೇ ಮೆತ್ತನೆಯ ಕುರ್ಚಿ ತಂದಿಟ್ಟಿದ್ದ. ಅವರು ಮಾತ್ರ ಯಲ್ಲೇಶನ ಅಂಗಳದಲ್ಲಿ ಹಳೇ ಟೈರಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಅವರಿಗೆ ಕಣ್ಣಿನ ಆಪರೇಷನ್ ಆಗಿ, ಮೆಟ್ರಿ ಎಂಬ ಊರಿನಲ್ಲಿದ್ದ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದಾಗ ಯಲ್ಲೇಶ ವಾರವಾರ ಹಣ್ಣು ತೆಗೆದುಕೊಂಡು ಹೋಗಿ ಬಂದನಂತೆ. ಅದನ್ನು ಕೇಳಿ ಮೌನೇಶನಿಗೆ ಅನ್ನ ಸೇರಲಿಲ್ಲ. ತಾನೂ ಹೋಗಿ ಬರಬಹುದಿತ್ತು ಎಂಬುದು ಹೊಳೆಯಲಿಲ್ಲ, ಅವನು ಯಾಕೆ ಹೋದ ಎಂಬುದೇ ಹೊಳೆಯುತ್ತಿತ್ತು.

"ಯಲ್ಲೇಶ ಏನು ಉಂಡ, ಎಲ್ಲಿ ಹೋದ ಅಂತ ಅವನ ಹೆಂಡ್ತಿಗೂ ಇಷ್ಟು ಗೊತ್ತಿರಂಗಿಲ್ಲ ನೋಡ್ರಿ," ಎಂದು ಹೆಂಡತಿ ಹೇಮಾವತಿ ಕಿಚಾಯಿಸುತ್ತಿದ್ದಳು.

ಮೌನೇಶನಿಗೆ ಬೇಕಾದದ್ದು ಒಂದೇ. ಒಂದು ಸಲ, ಯಲ್ಲೇಶನ ಎದುರಿಗೇ, "ನೀನೇ ಅವನಿಗಿಂತ ಶಾಣ್ಯಾ" ಎಂಬ ಮಾತು ಮೇಸ್ತ್ರಿಯ ಬಾಯಿಂದ ಬರಬೇಕು. ಆಮೇಲೆ ಅವರು ಯಾವ ಟೈರಿನ ಮೇಲಾದರೂ ಕೂರಲಿ.

ಆ ಮಾತು ಬರುವ ದಾರಿ ಒಂದು ದಿನ ತಾನಾಗಿಯೇ ಗ್ಯಾರೇಜಿನ ಬಾಗಿಲಿಗೆ ಬಂತು. ಕಮಲಾಪುರದಲ್ಲಿ ಹಂಪಿಯ ಪ್ರವಾಸಿಗಳಿಗಾಗಿ ಹೋಂಸ್ಟೇ ಇಟ್ಟುಕೊಂಡಿದ್ದ ಮನೋಹರ್ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಮೈ, ಇಪ್ಪತ್ತು ವರ್ಷಕ್ಕೂ ಹಳೆಯ ಪರದೇಶದ ಗಾಡಿ. ಸಂಡೂರಿನ ಯಾರದೋ ಷೆಡ್ಡಿನಲ್ಲಿ ಬಹುಕಾಲ ಬಿದ್ದಿದ್ದನ್ನು ಕೊಂಡು, ಬಣ್ಣ ಹೊಡೆಸಿ, ಈಗ ಪ್ರವಾಸಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಾಗ ತಾನೂ ಹಲ್ಲು ಕಿರಿಯುತ್ತಿದ್ದ.

"ಓಡೋವಾಗ ಏನೂ ಆಗಂಗಿಲ್ಲ ಮೌನೇಶಣ್ಣ," ಎಂದ ಮನೋಹರ್. "ಕಂಪ್ಲಿತನಕ ಹೋಗಿ ಬಂದ್ರೂ ಟೆಂಪರೇಚರ್ ಮುಳ್ಳು ಮಿಸುಕಂಗಿಲ್ಲ. ನಿಂತ್ರ ಮುಗೀತು. ರೈಲ್ವೆ ಗೇಟ್ ಹಾಕಿದ್ರ ಸಾಕು, ಕುದ್ದು ಹೊಗಿ ಬಿಡ್ತೈತಿ. ಮೊನ್ನೆ ಫಾರಿನ್ನವರ ಮುಂದ ಮರ್ಯಾದಿ ಹೋತು."

"ಬ್ಯಾರೆ ಯಾರಿಗರ ತೋರ್ಸಿದ್ರೇನ್ರಿ?"

"ಯಲ್ಲೇಶನ ಕಡೆ ಇಟ್ಟಿದ್ದೆ. ಥರ್ಮೋಸ್ಟಾಟ್ ಬದಲಿ ಮಾಡಿದ, ವಾಟರ್ ಪಂಪ್ ಬದಲಿ ಮಾಡಿದ, ರೇಡಿಯೇಟರ್ ಬಿಚ್ಚಿ ತೊಳದ. ಕಡೀಕ ಕೈ ಮುಗದು, ನನ್ನ ಕೈಲಿ ಆಗವಲ್ದು ಅಂತ ವಾಪಸ್ ಕೊಟ್ಟ."

ಮೌನೇಶನ ಮುಖ ಅರಳಿತು. ಗಿರಾಕಿಯ ಗಾಡಿ ಕೆಟ್ಟಾಗ ಹೀಗೆ ಸಂತೋಷಪಡಬಾರದು ಎಂದು ನೆನಪಾಗಿ ಮತ್ತೆ ಗಂಭೀರವಾದ. "ಪಾಪ, ಯಲ್ಲೇಶಗ ಇಂಥಾ ಗಾಡಿ ರೂಢಿ ಇಲ್ಲ ಬಿಡ್ರಿ. ಕುಂದ್ರಿ, ಸ್ಪೆಷಲ್ ಚಾ ತರಿಸ್ತೀನಿ," ಎಂದ. ಆ "ಪಾಪ" ಅನ್ನುವಾಗ ಅವನ ನಾಲಿಗೆಗೆ ಆದ ಸುಖ ಚಾಕ್ಕಿಂತ ಸಿಹಿಯಾಗಿತ್ತು.

ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಕಾರನ್ನು ನಿಂತಲ್ಲೇ ಬಿಟ್ಟು ಯೋಚಿಸಿದ. ಹೊಟ್ಟೆಕಿಚ್ಚಿನ ಮನುಷ್ಯನಾದರೂ ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಓಡುವಾಗ ತಂಪಾಗಿರುತ್ತದೆ ಎಂದರೆ ನೀರು ಸರಿಯಾಗಿ ಸುತ್ತುತ್ತಿದೆ. ನಿಂತಾಗ ಕಾಯುತ್ತದೆ ಎಂದರೆ ಕೊರತೆ ಇರುವುದು ಗಾಳಿಯದು. ಓಡುವ ಕಾರಿಗೆ ಎದುರುಗಾಳಿ ಪುಕ್ಕಟೆ ಸಿಗುತ್ತದೆ, ನಿಂತ ಕಾರಿಗೆ ಫ್ಯಾನೇ ಗತಿ. ಆದರೆ ಫ್ಯಾನು ತಿರುಗುತ್ತಿತ್ತು, ಭರ್ರೆಂದು ಸದ್ದೂ ಮಾಡುತ್ತಿತ್ತು. ಯಲ್ಲೇಶ ಇಲ್ಲೇ ಮೋಸ ಹೋಗಿದ್ದಾನೆ ಎಂದು ಮೌನೇಶನಿಗೆ ಅನಿಸಿತು. ಫ್ಯಾನು ತಿರುಗಿದ್ದನ್ನು ನೋಡಿ ಅದರ ಕಡೆ ಮತ್ತೆ ತಿರುಗಿ ನೋಡಿಲ್ಲ.

ಹಳೇ ಪೇಪರಿನ ಒಂದು ಹಾಳೆ ತಂದು ಕಾರಿನ ಮುಂದಿನ ಜಾಲರಿಗೆ ಹಿಡಿದ. ಫ್ಯಾನು ಗಾಳಿಯನ್ನು ಒಳಗೆ ಎಳೆಯುತ್ತಿದ್ದರೆ ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು. ಅಂಟಲಿಲ್ಲ, ಹಾರಿ ಬಂದು ಅವನ ಮುಖಕ್ಕೇ ಬಡಿಯಿತು. ಫ್ಯಾನು ಉಲ್ಟಾ ತಿರುಗುತ್ತಿತ್ತು!

ಬಗ್ಗಿ ಟಾರ್ಚ್ ಹಾಕಿ ನೋಡಿದ. ಫ್ಯಾನಿನ ಎರಡು ವೈರುಗಳನ್ನು ಯಾರೋ ಕತ್ತರಿಸಿ ಅದಲು ಬದಲು ಕೂಡಿಸಿದ್ದರು. ಕೂಡಿಸಿದ ಜಾಗಕ್ಕೆ ಟೇಪು ಸುತ್ತಿ, ಟೇಪಿನ ಮೇಲೆ ಮೇಣದ ದಾರ ಸುತ್ತಿ ಗಂಟು ಹಾಕಿದ್ದರು. ಆ ದಾರ ಕಂಡದ್ದೇ ತಡ, ಅದು ಯಾವ ಷೆಡ್ಡಿನದೆಂದು ಮೌನೇಶನಿಗೆ ಗುರುತು ಹತ್ತಿತು. ಅದಿರು ರಸ್ತೆಯ ಕುಲುಕಾಟಕ್ಕೆ ಟೇಪು ಬಿಚ್ಚಿಕೊಳ್ಳುತ್ತದೆಂದು ಹಾಗೆ ದಾರ ಸುತ್ತುವುದು ಗುಡ್ಡಪ್ಪ ಮೇಸ್ತ್ರಿಯ ಷೆಡ್ಡಿನ ಪದ್ಧತಿ. ಹೊಸಪೇಟೆಯ ಗ್ಯಾರೇಜುಗಳಲ್ಲಿ ಹಾಗೆ ಸುತ್ತುವವರು ಇಬ್ಬರೇ. ಅದರಲ್ಲಿ ತಾನು ಸುತ್ತಿಲ್ಲ. ಇನ್ನು ಉಳಿದವನು ಯಾರು? ಆ ದಾರದ ಮೇಲೆ ಎಷ್ಟು ವರ್ಷದ ಕೆಂಪು ಧೂಳು ಕೂತಿದೆ ಎಂದು ನೋಡುವ ವ್ಯವಧಾನ ಅವನಿಗಿರಲಿಲ್ಲ.

ಆಗಲೇ ವೈರು ಬದಲಿಸಿ, ಮನೋಹರನಿಗೆ ಕೀಲಿಕೈ ಕೊಟ್ಟು ಕಳಿಸಬಹುದಿತ್ತು. ಅಷ್ಟಕ್ಕೆ ಅವನ ಹೊಟ್ಟೆ ತುಂಬುತ್ತಿರಲಿಲ್ಲ. ಬಾನೆಟ್ ಮುಚ್ಚಿ, ಮೆಟ್ರಿಯಿಂದ ಹಿಂದಿರುಗಿದ್ದ ಮೇಸ್ತ್ರಿಗೆ ಫೋನ್ ಮಾಡಿದ. ಮನೋಹರನನ್ನು ಕರೆದ. ಕೊನೆಗೆ ಯಲ್ಲೇಶನಿಗೂ ಮಾಡಿ, ದನಿಯಲ್ಲಿ ಜೇನು ಸುರಿಸಿ, "ಸಂಜೀಕ ಬಾರಲೇ, ಮಿರ್ಚಿ ಮಂಡಕ್ಕಿ ತಿನ್ನೋಣು. ಮೇಸ್ತ್ರಿನೂ ಬರ್ತಾರ," ಎಂದ.

ಸಂಜೆ ಎಲ್ಲರೂ ಬಂದರು. ಮೇಸ್ತ್ರಿ ಬಂದದ್ದು ಯಲ್ಲೇಶನ ಬೈಕಿನ ಹಿಂದೆ ಕೂತು. ಅದನ್ನು ನೋಡಿ ಮೌನೇಶನಿಗೆ ಉರಿಯಿತು, ಇನ್ನೆಷ್ಟು ಹೊತ್ತು ಎಂದು ಸಮಾಧಾನ ಮಾಡಿಕೊಂಡ. ಮಿರ್ಚಿ ಪೊಟ್ಟಣ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಎಂಜಿನ್ ಚಾಲೂ ಮಾಡಿ, ಎಲ್ಲರೆದುರು ಹಾಳೆ ಹಿಡಿದು ಹಾರಿಸಿ ತೋರಿಸಿದ.

"ನೋಡ್ರಿ ಮೇಸ್ತ್ರಿ. ಗಾಳಿ ಒಳಗ ಬರಬೇಕು, ಇದು ಹೊರಗ ಊದಾಕತ್ತೈತಿ. ಯಾರೋ ಪುಣ್ಯಾತ್ಮ ವೈರ್ ಉಲ್ಟಾ ಕೂಡಿಸ್ಯಾನ. ಮ್ಯಾಲೆ ನಮ್ಮ ಷೆಡ್ಡಿನ ದಾರ ಬ್ಯಾರೆ ಸುತ್ಯಾನ. ಮೊದಲು ಈ ಗಾಡಿಗೆ ಕೈ ಹಚ್ಚಿದವ ಯಾರು ಅಂತ ನಾ ಹೇಳಂಗಿಲ್ಲಪ."

ಎಂಜಿನ್ ಬಂದ್ ಮಾಡಿ ಟಾರ್ಚನ್ನು ಗಂಟಿನ ಮೇಲೆ ಹಿಡಿದ. ಯಲ್ಲೇಶ ಬಗ್ಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ನೆಟ್ಟಗೆ ನಿಂತು, ಮೊದಲು ಮೇಸ್ತ್ರಿಯ ಕಡೆ ನೋಡಿ, ಆಮೇಲೆ ನೆಲ ನೋಡುತ್ತ ಹೇಳಿದ. "ಹೌದು, ನಂದೇ ತಪ್ಪು. ರೇಡಿಯೇಟರ್ ಬಿಚ್ಚಿದಾಗ ನಾನೇ ಉಲ್ಟಾ ಕೂಡಿಸೀನಿ. ಮನೋಹರಣ್ಣ, ಮಾಫ್ ಮಾಡ್ರಿ."

ಮೌನೇಶನಿಗೆ ಆ ಗಳಿಗೆ ಸ್ವರ್ಗ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಮೊದಲಿಂದಾನೂ ಕಾಯ್ತಿತ್ತಲ್ಲ ಯಲ್ಲೇಶ. ನಿನ್ನ ಹತ್ರ ತಂದಿದ್ದೇ ಅದಕ್ಕ," ಎಂದ ಮನೋಹರ್, ಗೊಂದಲದಲ್ಲಿ.

"ಸರೀರಿ ಎಲ್ಲಾರೂ," ಎಂದು ಮೇಸ್ತ್ರಿ ಮುಂದೆ ಬಂದರು. ಕಪ್ಪು ಕನ್ನಡಕ ತೆಗೆದು, ಕೈ ಒಳಗೆ ಹಾಕಿ, ಬೆರಳಿನಿಂದ ದಾರವನ್ನು ಸವರಿದರು. ಬೆರಳು ಕೆಂಪಾಯಿತು. ಅದನ್ನು ಉಜ್ಜಿ ನೋಡಿ ಮೆಲ್ಲಗೆ ನಕ್ಕರು.

"ಇದು ಸಂಡೂರಿನ ಧೂಳು. ಈ ಗಂಟು ನಂದು."

ಮೇಸ್ತ್ರಿ ಕಾರಿನ ಕೆಂಪು ಮೈಮೇಲೆ ಕೈಯಿಟ್ಟರು.

"ಅವಾಗ ಇದು ಹಳದಿ ಇತ್ತು, ಅದಕ್ಕ ಗುರ್ತು ಹತ್ತಲಿಲ್ಲ. ಬಂಡ್ರಿ ಕಡೆ ಒಬ್ಬ ಗಣಿ ಗುತ್ತಿಗೆದಾರನ ಗಾಡಿ. ಧೂಳು ಹೋಗಿ ರೇಡಿಯೇಟರ್ ಕಟ್ಟಿಕೊಳ್ತೈತಿ ಅಂದ. ಗಣಿಯಾಗ ಅದಿರು ತುಂಬೋ ಲೋಡರಿನ ಫ್ಯಾನ್ ಹೊರಗ ಊದಂಗ ಮಾಡ್ತಿದ್ವಿ, ಧೂಳು ಕೂಡಬಾರದು ಅಂತ. ನಾನು ಆ ಲೋಡರ್ ಬುದ್ಧಿನ ಕಾರಿಗೆ ಹಚ್ಚಿದೆ. ಅವ ಗಾಡಿ ಎಲ್ಲೂ ನಿಂದ್ರಸ್ತಿದ್ದಿಲ್ಲ, ನನ್ನ ತಪ್ಪು ಗೊತ್ತಾಗಲಿಲ್ಲ." ಮೇಸ್ತ್ರಿ ಯಲ್ಲೇಶನ ಕಡೆ ತಿರುಗಿದರು. "ಸುಳ್ಳು ಯಾಕ ಹೇಳಿದ್ಲೇ ಹುಚ್ಚ? ನೋಡಿದ ಕೂಡ್ಲೆ ನಿನಗ ಗೊತ್ತಾಗೈತಿ. ನಂದು ಎಡಗೈ. ಸುತ್ತು ಎಡಕ್ಕ ಬಿದ್ದೈತಿ."

ಯಲ್ಲೇಶ ಮುಖ ಆಚೆ ತಿರುಗಿಸಿದ. ಕಣ್ಣು ಒರೆಸಿಕೊಂಡನೋ, ಬೆವರು ಒರೆಸಿಕೊಂಡನೋ ತಿಳಿಯಲಿಲ್ಲ.

ಮೇಸ್ತ್ರಿ ಮೌನೇಶನ ಬೆನ್ನು ತಟ್ಟಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ರೋಗ ನೀ ಹಿಡದಿ. ನನ್ನ ತಪ್ಪೂ ನೀ ಹಿಡದಿ. ಕೆಲಸದಾಗ ನೀನೇ ಅವನಿಗಿಂತ ಶಾಣ್ಯಾ."

ಮಾತು ಬಂತು. ಯಲ್ಲೇಶನ ಎದುರಿಗೇ ಬಂತು.  ಮೇಸ್ತ್ರಿ ಯಲ್ಲೇಶನ ಹೆಗಲು ಹಿಡಿದು, "ನಡಿಯಲೇ, ಮನಿಗೆ ಬಿಡು," ಎಂದು ಬೈಕ್ ಹತ್ತಿದರು. ಮಿರ್ಚಿ ಪೊಟ್ಟಣ ಹಾಗೇ ಉಳಿಯಿತು.

ಮೌನೇಶ ಹಳೆಯ ಗಂಟು ಕತ್ತರಿಸಿ, ವೈರುಗಳನ್ನು ಸರಿಯಾಗಿ ಕೂಡಿಸಿದ. ಅರ್ಧ ಗಂಟೆ ನಿಂತಲ್ಲೇ ಓಡಿಸಿದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಮನೋಹರ್ ಹೊಗಳಿ ಹೊಗಳಿ ಕಾರು ತೆಗೆದುಕೊಂಡು ಹೋದ.

ಗ್ಯಾರೇಜಿನಲ್ಲಿ ಒಬ್ಬನೇ ಕೂತಾಗ ಮೌನೇಶನಿಗೆ ಲೆಕ್ಕ ತಿಳಿಯಿತು. ಅಷ್ಟು ವರ್ಷ ಆ ಷೆಡ್ಡಿನಲ್ಲಿ ಯಲ್ಲೇಶ ಮೇಸ್ತ್ರಿಯ ಕೈ ನೋಡುತ್ತ ಕೂತಿದ್ದ. ತಾನು ಯಲ್ಲೇಶನನ್ನು ನೋಡುತ್ತ ಕೂತಿದ್ದ. ಮೇಸ್ತ್ರಿ ಎಡಗೈಯವರೆಂಬುದು ಗೊತ್ತಿತ್ತು, ಅವರ ದಾರ ಯಾವ ಕಡೆ ಸುತ್ತುತ್ತದೆಂಬುದು ಗೊತ್ತಿರಲಿಲ್ಲ. ಇದನ್ನು ತಿಳಿದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಮೇಸ್ತ್ರಿಯನ್ನು ಉಳಿಸಲೆಂದು ಯಲ್ಲೇಶ ಹೇಳಿದ ಆ ಸುಳ್ಳಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಅಂಥ ಸುಳ್ಳು ತನ್ನ ಬಾಯಿಗೆ ಯಾವತ್ತೂ ಬರುತ್ತಿರಲಿಲ್ಲ.