ಗೋಡೆಯಾಚೆಯ ಗೆಡ್ಡೆ

ಗೋಡೆಯಾಚೆ ಗುದ್ದಲಿಯ ಸದ್ದು ಮತ್ತೆ ಕೇಳಿತು. ಅಕ್ಕ ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಕೊಟ್ಟು ನಿಲ್ಲಿಸಿದಳು. ನಾಲ್ಕು ದಿನದಿಂದ ಇದೇ ಸದ್ದು. ನಾಲ್ಕು ದಿನವೂ ಕೇಳಿಸದವಳ ಹಾಗೆ ಯಂತ್ರ ತುಳಿದಿದ್ದಳು. ಇವತ್ತು ಯಾರದೋ ಕೋಟಿನ ತೋಳು ಅರ್ಧಕ್ಕೇ ಸೂಜಿಯ ಕೆಳಗೆ ಉಳಿಯಿತು.

ಆ ಗೆಡ್ಡೆಗೆ ಪೇಟೆಯಲ್ಲಿ ಸನ್‌ಚೋಕ್ ಎಂದು ಹೆಸರು. ಸೂರ್ಯಕಾಂತಿಯ ದಾಯಾದಿ, ಮೇಲೆ ಹಳದಿ ಹೂವು, ಮಣ್ಣೊಳಗೆ ಶುಂಠಿಯ ಹಾಗೆ ಗಂಟುಗಂಟು. ತಂದು ನೆಟ್ಟ ಅಪ್ಪ ಅದನ್ನು ಗಾಳಿಗೆಡ್ಡೆ ಎನ್ನುತ್ತಿದ್ದ. ತಿಂದ ದಿನ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಕೂರುವಂತಿರಲಿಲ್ಲ. "ರುಚಿ ನಮಗೆ, ಸಂಗೀತ ನೆರೆಹೊರೆಗೆ" ಎಂದು ಅವನು ಹೇಳಿದರೆ ಅಕ್ಕತಂಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಎಷ್ಟು ಅಗೆದರೂ ಉಗುರಿನಷ್ಟು ಚೂರು ಉಳಿದರೆ ಸಾಕು, ಮರುವರ್ಷ ಆಳೆತ್ತರ ಬೆಳೆಯುತ್ತಿತ್ತು.

ಅಪ್ಪ ಸತ್ತ ಮೇಲೆ ಮನೆ ಪಾಲಾಯಿತು. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದು, "ಗಂಡನ್ನ ತಿಂದ್ಕೊಂಡಿದ್ದು ಸಾಲ್ದಾ ನಿಂಗೆ?" ಎಂದುಬಿಟ್ಟಳು ತಂಗಿ. ಅಕ್ಕ ಯಂತ್ರ ಉಳಿಸಿಕೊಂಡಳು, ಮಾತು ಬಿಟ್ಟಳು. ಗೋಡೆ ಎದ್ದದ್ದು ಗೆಡ್ಡೆಯ ಮಡಿಯ ನಟ್ಟನಡುವೆ. ಅದಕ್ಕೆ ಮೂರು ವರ್ಷವಾಯಿತು.

ಗೆಡ್ಡೆಗೇನು ಗೊತ್ತು ಪಾಲುಪಾರಿಕತ್ತು? ವರ್ಷವೂ ಅಕ್ಕನ ಕಿಟಕಿಗೆ ಅಡ್ಡ ಬೆಳೆದು, ಸೂಜಿಗೆ ದಾರ ಪೋಣಿಸಲೂ ಬೆಳಕಿಲ್ಲದಂತೆ ಮಾಡಿತು. ಈ ಸಲ ಹೂ ಬಿಡುವ ಹೊತ್ತಿಗೆ ಅವಳು ದಂಟುಗಳನ್ನು ಕಡಿದು, ಅಂಗಡಿಯವನು ಹೇಳಿದಂತೆ ಒಂದೊಂದು ಬುಡಕ್ಕೂ ಕಳೆನಾಶಕ ಹೊಯ್ದಳು. "ಬೇರು ಹಿಡ್ಕೊಂಡು ಕೊನೇ ಗೆಡ್ಡೆವರೆಗೂ ಹೋಗುತ್ತೆ, ನೋಡ್ತಿರಿ" ಎಂದಿದ್ದ ಅವನು. ಕೊನೆಯ ಗೆಡ್ಡೆ ಎಲ್ಲಿದೆ ಎಂದು ಅವಳು ಆಗ ಯೋಚಿಸಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ತಂಗಿಯ ಗಂಡನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಆಲೂಗಡ್ಡೆ ಬಿಡಿಸಿದ ಮೇಲೆ ಚಳಿಗಾಲವೆಲ್ಲ ಅವನ ತಟ್ಟೆಗೆ ಇದೇ ಗೆಡ್ಡೆ. ಅಕ್ಕನಿಗೆ ಅದು ಗೊತ್ತಿತ್ತು. ವಿಷ ಗೋಡೆ ದಾಟಿರಲಿಕ್ಕಿಲ್ಲ ಎಂದು ನಾಲ್ಕು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಹೋಗಿ ಹೇಳೋಣವೆಂದರೆ, ಮೂರು ವರ್ಷದ ಮೇಲೆ ಆಡುವ ಮೊದಲ ಮಾತು ಇದೇ? ಯೋಚಿಸುತ್ತ ಕೂತಲ್ಲೇ, ಗುದ್ದಲಿಯ ಸದ್ದು ನಿಂತು ಎಷ್ಟೋ ಹೊತ್ತಾಯಿತು.

"ಅಕ್ಕಾ."

ಅಕ್ಕ ಕಿಟಕಿಯತ್ತ ತಿರುಗಿದಳು. ಗೋಡೆಯ ಮೇಲೆ ತಂಗಿಯ ಮುಖ. ಕುರ್ಚಿ ಹತ್ತಿ ನಿಂತಿರಬೇಕು. ಪಕ್ಕದಲ್ಲಿ ಬೇಯಿಸಿದ ಗೆಡ್ಡೆಯ ಹಬೆಯಾಡುವ ಬಟ್ಟಲು. ಅಕ್ಕ ಎದ್ದು ಗೋಡೆಯ ಹತ್ತಿರ ಹೋದಳು.

"ನಿನ್ನ ಕಡೆ ಈ ಸಲ ಏನೂ ಉಳಿದಿಲ್ಲ ಅಂತ ನೋಡ್ದೆ" ಎಂದಳು ತಂಗಿ. "ನಮ್ಮ ಕಡೇನೂ ಗೋಡೆ ಹತ್ರದ್ದೆಲ್ಲ ಬಾಡಿಹೋಗಿತ್ತು. ಕೊಳೆಯೋ ಮುಂಚೆ ಅಂತ ಅದನ್ನೇ ಮೊದಲು ಅಗೆದ್ವಿ. ಒಂಚೂರು ಕಹಿ. ಇವರಿಗೆ ನಾಲ್ಕು ದಿನದಿಂದ ಹೊಟ್ಟೆ ಸರಿ ಇಲ್ಲ. ಮಾವನ ಸಂಗೀತ ಶುರುವಾಯ್ತು ಅಂತ ನಗ್ತಾರೆ."

ಹೇಳುತ್ತ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. "ಅವತ್ತು ಆಡಬಾರದ ಮಾತು ಆಡ್ಬಿಟ್ಟೆ ಅಕ್ಕ. ಹೊಟ್ಟೆಗೆ ಹಾಕ್ಕೋ. ತಗೋ, ಆರಿಹೋಗುತ್ತೆ."

ಈ ಮಾತಿಗಾಗಿ ಅಕ್ಕ ಮೂರು ವರ್ಷ ಕಾದಿದ್ದಳು. ಬಟ್ಟಲು ಇಸಿದುಕೊಂಡು ಸುಮ್ಮನಿದ್ದರೆ ತಂಗಿ ಸಿಗುತ್ತಾಳೆ. ಬಾಯಿ ಬಿಟ್ಟರೆ ಇನ್ನೆಂದೂ ಇಲ್ಲ. ಅಷ್ಟರಲ್ಲಿ ತಂಗಿ ತಾನೇ ಒಂದು ಚೂರು ಎತ್ತಿ ಬಾಯಿಗೆ ಒಯ್ದಳು. ಅಕ್ಕ ಆ ಕೈ ಹಿಡಿದುಬಿಟ್ಟಳು.

"ತಿನ್ಬೇಡ. ಔಷಧಿ ಹೊಯ್ದಿದ್ದೀನಿ. ಗಿಡ ಸಾಯೋ ಔಷಧಿ."

ತಂಗಿ ಕೈಯಲ್ಲಿದ್ದ ಚೂರನ್ನು ನೋಡಿದಳು. "ಯಾವಾಗ?"

"ಹೂ ಬಿಟ್ಟಾಗ."

"ನಾವು ಅಗೀತಿದ್ದಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು."

ತಂಗಿ ಕೈ ಬಿಡಿಸಿಕೊಂಡಳು. ಒಳಗೆ ಚಮಚ ತಟ್ಟೆಗೆ ತಾಗಿದ ಸದ್ದಾಯಿತು. ಹಿಂದೆಯೇ ಅವಳ ಗಂಡನ ದನಿ: "ಎಲ್ಲಿದ್ದೀಯೇ? ಉಳಿದಿದ್ರೆ ಇನ್ನೆರಡು ಹಾಕು ಬಾ."

ಆಚೆ ಕುರ್ಚಿ ಉರುಳಿತು. ಓಡುವ ಹೆಜ್ಜೆಗಳು ಕೇಳಿದವು. ಗೋಡೆಯ ಮೇಲೆ ಬಟ್ಟಲು ಇನ್ನೂ ಹಬೆಯಾಡುತ್ತಿತ್ತು.