ನಾಣ್ಯದ ತಾತನ ಹೇಳಿಕೆ

“ಖಾತೆ ನಿಮ್ಮದೇ ತಾನೆ?” ಎನ್ನುತ್ತ ತೆರಿಗೆ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

“ಖಾತೆ ನಂದೇ ಸಾರ್. ನಾಣ್ಯಗಳು ನನ್ನವಲ್ಲ,” ಎಂದಳು ಗುಂಡಿ ಅಂಗಡಿಯವಳು.

ಹೋದ ವಾರ ಇದೇ ಮಾತನ್ನು ಬೇರೊಂದು ಮೇಜಿನ ಮುಂದೆ ಹೇಳಿ, “ಯಾರವೋ ಅವರನ್ನೇ ಕರ್ಕೊಂಡು ಬನ್ನಿ” ಎನ್ನಿಸಿಕೊಂಡು ಹೋಗಿದ್ದಳು. ಇವತ್ತು ಕರೆದುಕೊಂಡೇ ಬಂದಿದ್ದಳು. ಭಾವ, ಅಂದರೆ ತೀರಿಕೊಂಡ ಗಂಡನ ಅಣ್ಣ, ಹೊರಗೆ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಲಿಫ್ಟು ಕೆಟ್ಟಿತ್ತು. ಸರ್ಕಾರಿ ಕಟ್ಟಡದ ಲಿಫ್ಟು ಯಾವತ್ತು ಸರಿಯಿರುತ್ತದೆ ಹೇಳಿ!

ಅವಳದು ಬೀದಿಯ ತಿರುವಿನಲ್ಲಿ ಒಂದು ಪುಟ್ಟ ಅಂಗಡಿ. ಗುಂಡಿ, ದಾರ, ಜಿಪ್ಪು, ಲೇಸು. ಜೊತೆಗೆ ಇಂಟರ್ನೆಟ್ಟಿನ ಒಂದು ಮಾರಾಟ ತಾಣದಲ್ಲಿ ಹಳೇ ಕಾಲದ ಗುಂಡಿಗಳನ್ನೂ ಮಾರುತ್ತಿದ್ದಳು. ವರ್ಷದ ವ್ಯಾಪಾರ ಒಂದು ಮಿತಿ ದಾಟದಿದ್ದರೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯೂ ಇಲ್ಲ, ಲೆಕ್ಕ ಒಪ್ಪಿಸುವ ರಗಳೆಯೂ ಇಲ್ಲ. ಹೇಗೋ ನಡೆದುಕೊಂಡು ಹೋಗುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಭಾವ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೂ ಬೇಡದ ಜಿಪ್ಪುಗಳನ್ನು ಎಳೆದೂ ಎಳೆದೂ ನೋಡಿ, ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಪೊಟ್ಟಣ ತೆಗೆದರು. ಹೆಂಡತಿಯ ಸೊಂಟದ ಆಪರೇಷನ್ನಿಗೆ ದುಡ್ಡು ಹೊಂದಿಸಬೇಕಿತ್ತು.

“ನಿನ್ನ ಖಾತೇಲಿ ಹಾಕಿ ಮಾರಿಕೊಡಮ್ಮ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು. ಸಂಘದವರಿಗೆ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ.”

ಸಂಘವೆಂದರೆ ನಾಣ್ಯ ಸಂಗ್ರಹಕಾರರ ಸಂಘ. ಭಾವ ಅದರ ಅಧ್ಯಕ್ಷರು. ಆ ಲೋಕದಲ್ಲಿ ಎರಡೇ ಬಗೆಯ ಜನ, ಇಟ್ಟುಕೊಳ್ಳುವವರು ಮತ್ತು ಮಾರುವವರು. ಮಾರುವವನ ಜೊತೆ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯಲೂ ಹಿಂದೆಮುಂದೆ ನೋಡುವಷ್ಟು ಮಡಿವಂತಿಕೆ! ಆದರೆ ಅವಳು ಭಾವನಿಗೆ ಆಗುವುದಿಲ್ಲ ಎನ್ನುವುದುಂಟೇ? ಗಂಡ ಸತ್ತ ವರ್ಷ ಅಂಗಡಿಗೆ ಮುಂಗಡ ಕಟ್ಟಿ ಅವಳನ್ನು ದಡ ಸೇರಿಸಿದವರೇ ಅವರು. ಒಂದೊಂದೇ ನಾಣ್ಯದ ಫೋಟೋ ತೆಗೆದಳು. ಮುಟ್ಟಲು ಅವಳಿಗೂ ಬಿಡಲಿಲ್ಲ ಪುಣ್ಯಾತ್ಮರು. ಬೆರಳ ಜಿಡ್ಡು ತಾಗಿದರೆ ಕಲೆಯಾಗುತ್ತದಂತೆ. ತಾವೇ ಅಂಚಿನಲ್ಲಿ ಹಿಡಿದು ಕ್ಯಾಮೆರಾಕ್ಕೆ ತೋರಿಸಿದರು. ಬಂದ ಹಣವನ್ನು ಅವಳು ಒಂದು ಕಾಸೂ ಮುಟ್ಟದೆ ಅವರ ಕೈಗಿಟ್ಟಳು. ಮನೆಯವರ ನಡುವೆ ರಸೀತಿ ಯಾರು ಬರೆಯುತ್ತಾರೆ?

ಖಾತೆಗೆ ಬಂದದ್ದನ್ನೆಲ್ಲ ಮಾರಾಟ ತಾಣದವರು ಇಲಾಖೆಗೆ ವರದಿ ಮಾಡಬೇಕೆನ್ನುವ ಹೊಸ ನಿಯಮ ಇಬ್ಬರಿಗೂ ಗೊತ್ತಿರಲಿಲ್ಲ. ಗುಂಡಿಯೂ ನಾಣ್ಯವೂ ಒಂದೇ ರಾಶಿಯಾಗಿ ಅವಳ ಹೆಸರಿಗೆ ಹೋಗಿ ಕೂತವು. ಮಿತಿ ದಾಟಿತು. ಈಗ ತೆರಿಗೆ, ತಡವಾದದ್ದಕ್ಕೆ ಬಡ್ಡಿ, ತಿಳಿಸದೆ ಇದ್ದದ್ದಕ್ಕೆ ದಂಡ. ಅಂಗಡಿಯನ್ನು ಗಲ್ಲಾಪೆಟ್ಟಿಗೆ ಸಮೇತ ಮಾರಿದರೂ ತೀರುವ ಹಾಗಿರಲಿಲ್ಲ.

“ದಾರಿ ಇದೆಯಮ್ಮ, ಗಾಬರಿಯಾಗಬೇಡಿ,” ಎಂದ ಅಧಿಕಾರಿ. ಚಿಕ್ಕ ವಯಸ್ಸಿನವನು, ಮಾತು ಮೆತ್ತಗಿತ್ತು. “ಯಾರೋ ಒಬ್ಬರು ತಮ್ಮ ಖುಷಿಗೆ ಕೂಡಿಟ್ಟಿದ್ದನ್ನ ಮಾರಿದ್ರೆ ಅದು ವ್ಯಾಪಾರ ಅಲ್ಲ. ಅವರೇ ಬಂದು ‘ನಂದು, ನಾನೇ ಮಾರಿಸಿದ್ದು’ ಅಂತ ಹೇಳಿಕೆ ಕೊಟ್ರೆ ನಿಮ್ಮ ಲೆಕ್ಕದಿಂದ ತೆಗೆದುಬಿಡ್ತೀನಿ. ಅವರಿಗೂ ಅಂಥ ಹೊರೆ ಬೀಳಲ್ಲ. ಬಂದಿದ್ದಾರಾ?”

“ಬಂದಿದ್ದಾರೆ ಸಾರ್!” ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಬಾಗಿಲಿಗೆ ಹೋಗಿ ಕರೆದಳು. “ಭಾವ, ಬನ್ನಿ.”

ಭಾವ ಕೋಟು ಎಳೆದು ಸರಿಮಾಡಿಕೊಂಡು ಬಂದರು. ಬೆಳಿಗ್ಗೆ ಮನೆ ಬಿಡುವಾಗ ಧೈರ್ಯ ಹೇಳಿದವರೂ ಅವರೇ. “ಅದಕ್ಕೇನಮ್ಮ? ಗುರುತು ಪರಿಚಯ ಇಲ್ಲದ ಯಾರೋ ಗುಮಾಸ್ತನ ಮುಂದೆ ಹೇಳೋದು ತಾನೆ? ನಿನ್ನ ಅಂಗಡಿಗಿಂತ ಹೆಚ್ಚಾ?”

ಅಧಿಕಾರಿ ತಲೆಯೆತ್ತಿ ನೋಡಿದ. ನೋಡಿದವನೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತ.

“ಅರೆ! ನಾಣ್ಯದ ತಾತ ಅಲ್ವಾ ನೀವು?”

ಭಾವ ಕಣ್ಣು ಕಿರಿದು ಮಾಡಿದರು.

“ನಮ್ಮ ಶಾಲೆಗೆ ಪೆಟ್ಟಿಗೆ ತಗೊಂಡು ಬಂದಿದ್ರಿ. ಹಡಗಿನ ಚಿತ್ರದ ಬೆಳ್ಳಿ ನಾಣ್ಯ! ಉಸಿರು ಬಿಗಿಹಿಡ್ಕೊಂಡು ನೋಡ್ರೋ ಅಂದಿದ್ರಿ. ನಂಗೊಂದು ತಾಮ್ರದ ಕಾಸು ಕೊಟ್ಟು ಏನಂದ್ರಿ ನೆನಪಿದೆಯಾ? ‘ಉಪವಾಸ ಬಿದ್ರೂ ಮಾರಬೇಡ ಮಗಾ’ ಅಂದ್ರಿ. ಮಾರಿಲ್ಲ ತಾತ! ಓದೋಕೆ ದುಡ್ಡಿಲ್ಲದೆ ಒದ್ದಾಡುವಾಗ್ಲೂ ಮಾರಲಿಲ್ಲ.”

ಭಾವನ ಮುಖ ಅರಳಿತು.

“ಕೂತ್ಕೊಳ್ಳಿ ತಾತ. ನೀವಂತೂ ಮಾರೋರಲ್ಲ. ಓಹೋ, ಇವರು ನಿಮ್ಮನ್ನ ನಾಣ್ಯ ಗುರುತು ಹಿಡಿಯೋಕೆ ಕರ್ಕೊಂಡು ಬಂದಿದ್ದಾರಾ? ಒಳ್ಳೇದಾಯ್ತು.” ಅವನು ಸಂಭ್ರಮದಿಂದ ಪರದೆಯ ಮೇಲೆ ಒಂದು ಚಿತ್ರವನ್ನು ದೊಡ್ಡದು ಮಾಡಿದ. “ಇಲ್ಲಿ ನೋಡಿ, ಹಡಗಿನ ನಾಣ್ಯ. ನಿಮ್ಮದರ ಥರಾನೇ. ಯಾವ ಪಾಪಿ ಮಾರ್ಕೊಂಡನೋ!”

ಪರದೆಯ ತುಂಬ ಬೆಳ್ಳಿ ನಾಣ್ಯ. ಅದರ ಅಂಚನ್ನು ಹಿಡಿದ ಹೆಬ್ಬೆರಳೂ ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು, ನಟ್ಟನಡುವೆ ಸೀಳಿಕೊಂಡು ಬೆಳೆದ ಉಗುರು. ಭಾವ ಹುಡುಗರಾಗಿದ್ದಾಗ ಬಾಗಿಲ ಸಂದಿಯಲ್ಲಿ ಸಿಕ್ಕಿಸಿಕೊಂಡದ್ದು. ಅವಳು ಮೆಲ್ಲಗೆ ಭಾವನ ಕಡೆ ತಿರುಗಿದಳು. ಮೇಜಿನ ಮೇಲಿದ್ದ ಅವರ ಕೈ ಜಾರಿ ಕೋಟಿನ ಜೇಬು ಸೇರುತ್ತಿತ್ತು.

“ಯಾರವು ತಾತ ಇವು? ನಿಮಗೆ ಗೊತ್ತಿರೋರ ಸಂಗ್ರಹನಾ?”

“ನನ್ನ ತಮ್ಮನವು,” ಎಂದರು ಭಾವ. “ಇವಳ ಯಜಮಾನ. ತೀರ್ಕೊಂಡ. ಅವನೂ ಒಂದಿಷ್ಟು ಕೂಡಿಟ್ಟಿದ್ದ.”

ಅವಳ ಯಜಮಾನ! ನಾಣ್ಯ ಇರುವುದೇ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಎಂದು ತಿಳಿದಿದ್ದ ಮನುಷ್ಯ. ಒಂದು ಸಲ ಅಣ್ಣನ ಪೆಟ್ಟಿಗೆಗೇ ಕೈಹಾಕಿ, ಮನೆಯ ಸೂರು ಹಾರಿಹೋಗುವ ಹಾಗೆ ಬೈಸಿಕೊಂಡಿದ್ದ. ಅವನದಂತೆ ಸಂಗ್ರಹ! ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು, ಅದರ ಹಿಂದೆ ಮೈ ಉರಿಯುವಷ್ಟು ಸಿಟ್ಟು.

“ಭಾವ...”

ಅವರು ತಿರುಗಲಿಲ್ಲ.

“ಹೋದವರು ಹೇಳಿಕೆ ಕೊಡೋ ಹಾಗಿಲ್ವಲ್ಲಮ್ಮ,” ಎಂದ ಅಧಿಕಾರಿ. “ಅವರು ಕೊಂಡಿದ್ದಕ್ಕೆ ಒಂದಾದ್ರೂ ರಸೀತಿ ಇದೆಯಾ?”

“ಇಲ್ಲ ಸಾರ್.”

“ಹಾಗಾದ್ರೆ ನಾನೇನೂ ಮಾಡೋ ಹಾಗಿಲ್ಲ. ಪೂರ್ತಿ ನಿಮ್ಮ ಅಂಗಡಿ ವ್ಯಾಪಾರ ಅಂತಾನೇ ಹೋಗುತ್ತೆ.” ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಗದರಿಸಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು.

ಒಂದು ಮಾತು ಸಾಕಿತ್ತು. ಆ ಬೆರಳು ಯಾರದು ಕೇಳಿ ಸಾರ್, ಅವರ ಕೈ ಹೊರಗೆ ತೆಗೆಸಿ ಸಾರ್. ಅವಳು ಬಾಯಿ ತೆರೆದಳು ಕೂಡ. ಆಗ ಭಾವ ಅವಳನ್ನು ನೋಡಿದರು. ಬೈಸಿಕೊಳ್ಳಲು ನಿಂತ ಮಗುವಿನ ಮುಖವಾಗಿತ್ತು ಅದು. ಎದುರಿಗೆ ಆ ಹುಡುಗ ಇನ್ನೂ ಅವರನ್ನೇ ಕಣ್ತುಂಬ ನೋಡುತ್ತಿದ್ದ. ಇವರನ್ನು ಇವನ ಮುಂದೆ ಬೆತ್ತಲೆ ನಿಲ್ಲಿಸಿ ಅಂಗಡಿ ಉಳಿಸಿಕೊಳ್ಳುವುದು ಅವಳ ಕೈಲಾಗುವ ಕೆಲಸವಾಗಿರಲಿಲ್ಲ. ಕೈಲಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

“ಎಲ್ಲಿ ರುಜು ಹಾಕಬೇಕು ಸಾರ್?”

ಅಧಿಕಾರಿ ಕೆಳಗಿನವರೆಗೂ ಬಂದು, ತಾತನ ತೋಳು ಹಿಡಿದು ಮೆಟ್ಟಿಲಿಳಿಸಿ, ಮತ್ತೊಮ್ಮೆ ಕೈಮುಗಿದು ಹೋದ.

ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಭಾವ ಅವಳನ್ನು ಅದರಲ್ಲಿ ಕೂರಿಸಿ ತಾವು ಮೇಲಿನ ಕಂಬಿ ಹಿಡಿದು ನಿಂತರು.

“ಕಾಲು ನೋವು ನಿಮಗೆ. ಕೂತ್ಕೊಳ್ಳಿ ಭಾವ.”

“ಇರ್ಲಿ ಬಿಡಮ್ಮ.” ಬಸ್ಸು ಹೊರಟ ಮೇಲೆ ಅವರೇ ಹೇಳಿದರು. “ನಾಳೆ ನಾನೊಬ್ಬನೇ ಹೋಗಿ, ಅವನ ಮೇಲಿನವರ ಹತ್ರ ಹೇಳಿ ಬರ್ತೀನಿ.”

“ಆಯ್ತು ಭಾವ,” ಎಂದಳು. ಹೋಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮುಂದಿನ ನಿಲ್ದಾಣದಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಅದರಾಚೆಯ ನಿಲ್ದಾಣದಲ್ಲಿ ಇನ್ನಷ್ಟು ಜನ ಇಳಿದರು. ಮಾರುಕಟ್ಟೆ ದಾಟುವ ಹೊತ್ತಿಗೆ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

“ಅಜ್ಜ, ಇಡೀ ಬಸ್ಸೇ ನಿಮ್ಮದು, ಕೂತ್ಕೊಳ್ರೀ!” ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ.

ಭಾವ ಕೂರಲಿಲ್ಲ. ತಿರುವು ಬಂದಾಗಲೆಲ್ಲ ಮೈ ತೂಗಿ, ಮೊಣಕಾಲು ಅದುರಿ, ಮತ್ತೆ ನೆಟ್ಟಗಾಗುತ್ತ, ಅವಳ ಅಂಗಡಿಯ ನಿಲ್ದಾಣ ಬರುವವರೆಗೂ ನಿಂತೇ ಇದ್ದರು.